ಬರೆಯದ ಭಾನುವಾರಗಳು

ಹ್ಯಾಂಗರಿನ ಆಫೀಸು
ಮಾರ್ಚ್ 12, ಗುರುವಾರ, ಮಧ್ಯಾಹ್ನ

ಮುದುಕಿಯ ಯಜಮಾನರಿಗೆ,

ಹೀಗೆ ಕರೆದೆನೆಂದು ಮುಖ ಊದಿಸಿಕೊಳ್ಳಬೇಡಿ. ನನ್ನ ಯಜಮಾನರು ಅನ್ನೋಣವೆಂದರೆ ನೀವು ಮನೆ ಬಿಟ್ಟು ಮೂರು ವರ್ಷವಾಯಿತು. ಈ ಏಳು ಸೀಟಿನ ಹಳೇ ಜೆಟ್ ವಿಮಾನವನ್ನಂತೂ ನೀವು ಬಿಟ್ಟವರಲ್ಲ. ಮೂವತ್ತೆಂಟು ತುಂಬಿದ ಇವಳಿಗೆ ಮುದುಕಿ ಅಂತ ಹೆಸರಿಟ್ಟವರೂ ನೀವೇ.

ಮೊನ್ನೆ ಫೋನಿನಲ್ಲಿ ಕೇಳಿದ್ದಕ್ಕೆ ಉತ್ತರ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀವು ನಡುವೆ ಬಾಯಿ ಹಾಕುತ್ತೀರಿ, ನಾನು ಕರಗಿಬಿಡುತ್ತೇನೆ. "ಆ ಭಾನುವಾರಗಳನ್ನ ಬಿಟ್ಟುಬಿಡೇ, ಹಾರಿಲ್ವಲ್ಲ, ಯಾರಿಗೆ ಗೊತ್ತಾಗತ್ತೆ?" ಎಂದಿರಿ. ಬಿಡಲಿಲ್ಲ. ಇವತ್ತು ಬೆಳಿಗ್ಗೆ ಅಷ್ಟನ್ನೂ ಎಂಜಿನ್ ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ.

ಕಣ್ಣಿನ ಡಾಕ್ಟರಮ್ಮ ಮುದುಕಿಯನ್ನು ಕೊಳ್ಳಲು ಒಪ್ಪಿದ್ದರಲ್ಲ, ಅವರ ಕಡೆಯ ಹಿರಿಯ ಎಂಜಿನಿಯರ್ ಸೋಮವಾರ ಬಂದಿದ್ದರು. ಮೈಯೆಲ್ಲ ತಟ್ಟಿ ನೋಡಿದರು, ರೆಕ್ಕೆಯ ಕೆಳಗೆ ಮಲಗಿ ಟಾರ್ಚ್ ಬಿಟ್ಟರು. "ಚೆನ್ನಾಗಿ ನೋಡ್ಕೊಂಡಿದೀರಮ್ಮಾ" ಅಂದರು. ನನಗೆ ಊಟ ಮಾಡದೆಯೇ ಹೊಟ್ಟೆ ತುಂಬಿತು. ಆಮೇಲೆ ಇಂಧನದ ಚೀಟಿಗಳನ್ನು ಒಂದೊಂದಾಗಿ ತಿರುವಿ, ಕನ್ನಡಕ ತೆಗೆದು, "ಮೂರು ವರ್ಷದಿಂದ ನಿಂತಿರೋ ವಿಮಾನ ಇಷ್ಟು ಎಣ್ಣೆ ಹೇಗೆ ಕುಡೀತು?" ಎಂದು ಕೇಳಿದರು. ಪುಸ್ತಕ ನೋಡಿ ಹೇಳುತ್ತೇನೆಂದು ಅವರನ್ನು ಕಳಿಸಿದೆ.

ಹೇಗೆ ಕುಡಿಯಿತೆಂದು ನಿಮಗೆ ಗೊತ್ತು. ಹೃದಯದ ತೊಂದರೆಯಿಂದ ನಿಮ್ಮ ಲೈಸೆನ್ಸ್ ಹೋದ ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು, ಮುದುಕಿಯನ್ನು ಹೊರಗೆ ಎಳೆಸಿ, ಎರಡೂ ಎಂಜಿನ್ ಹೊತ್ತಿಸಿ ಅರ್ಧ ಗಂಟೆ ಕೂರುತ್ತಿದ್ದಿರಿ. ಎಲ್ಲಿಗೂ ಹೋಗದ ವಿಮಾನದಲ್ಲಿ ಬೆಲ್ಟ್ ಬೇರೆ! ನಿಲ್ಲಿಸಿಟ್ಟರೆ ಒಳಗೆ ತುಕ್ಕು ಹಿಡಿಯುತ್ತದೆ ಎನ್ನುತ್ತಿದ್ದಿರಿ, ಸರಿ. ಆದರೆ ಈ ಎಂಜಿನ್‌ಗಳ ಆಯಸ್ಸು ಹಾರಿದ ಗಂಟೆಗಳಲ್ಲಷ್ಟೇ ಇಲ್ಲ. ಹೊತ್ತಿಸಿದಾಗಲೆಲ್ಲ ಒಳಗಿನ ಚಕ್ರಗಳು ಕಾದು, ಆರಿ, ಒಂದಿಷ್ಟು ಸವೆಯುತ್ತವೆ. ನೀವು ಹಾರುವುದನ್ನು ನಿಲ್ಲಿಸಿದ ದಿನ ಇನ್ನು ನೂರ ನಲವತ್ತು ಸಲ ಹೊತ್ತಿಸುವಷ್ಟು ಆಯಸ್ಸಿತ್ತು. ಅಲ್ಲಿಂದೀಚೆಗೆ ನೀವು ಹೊತ್ತಿಸಿದ್ದು ನೂರ ಐವತ್ತೊಂದು ಸಲ. ಆಸ್ಪತ್ರೆಯಲ್ಲಿದ್ದ ಐದು ಭಾನುವಾರ ಬಿಟ್ಟು.

ವಿಮಾನದೊಳಗಿನ ಪುಸ್ತಕದಲ್ಲಿ ನೀವೇ ಬರೆದಿಡುತ್ತಿದ್ದೀರಿ, ಆಮೇಲೆ ನನ್ನ ಎಂಜಿನ್ ಪುಸ್ತಕಕ್ಕೆ ಇಳಿಸಿಕೊಂಡರಾಯಿತು ಎಂದುಕೊಂಡಿದ್ದೆ. ಹಾರಾಟ ನಿಮ್ಮದು, ಪುಸ್ತಕ ನನ್ನದು ಎಂದು ಇಪ್ಪತ್ತು ವರ್ಷ ನಡೆಸಿಕೊಂಡು ಬಂದದ್ದು ಇಲ್ಲಿ ಎಡವಿತು. "ಇನ್ನೂ ಬೇಕಾದಷ್ಟಿದೆ ಅಂದ್ಕೊಂಡಿದ್ದೆ ಕಣೇ" ಎಂದಿರಲ್ಲ, ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಕೇಳಿದ್ದರೆ ನಾನೇನು ನುಂಗಿಬಿಡುತ್ತಿದ್ದೆನೇ?

ಮುಚ್ಚಿಟ್ಟಿದ್ದರೆ ಮುದುಕಿ ಮುಂದಿನ ವಾರವೇ ಹಾರುತ್ತಿದ್ದಳು. ಡಾಕ್ಟರಮ್ಮನಿಗೆ ತಿಂಗಳಿಗೆರಡು ಸಲ ಸಣ್ಣ ಊರುಗಳ ಕಣ್ಣಿನ ಶಿಬಿರಕ್ಕೆ ಹೋಗಿ ಬಂದರೆ ಸಾಕಿತ್ತು. ಅವರ ನರ್ಸ್ ಒಬ್ಬಳು ಬಂದಾಗ ಹಿಂದಿನ ಸೀಟಿನಲ್ಲಿ ಕೂತು, ಕಿಟಕಿಗೆ ಮೂಗು ಒತ್ತಿ, "ಇದು ನಂದು, ಯಾರೂ ಕೇಳೋ ಹಾಗಿಲ್ಲ" ಎಂದು ಹೇಳಿ ಹೋಗಿದ್ದಳು. ಆ ಸೀಟಿನ ಪಕ್ಕದಲ್ಲೇ ಎಂಜಿನ್ ಇರುವುದು, ಸವೆದ ಚಕ್ರ ಒಡೆದು ಸಿಡಿದರೆ ಮೊದಲು ಬಡಿಯುವುದು ಅಲ್ಲಿಗೇ. ಮುಚ್ಚಿಡಲು ನನಗೆ ಕೈ ಬರಲಿಲ್ಲ.

ಇನ್ನು ಮುದುಕಿ ಹಾರುವ ಹಾಗಿಲ್ಲ. ಇವಳ ಎಂಜಿನ್ನಿಗೆ ಹೊಂದುವ ಚಕ್ರಗಳನ್ನು ಮಾಡುವುದನ್ನು ಕಾರ್ಖಾನೆಯವರು ಎಂದೋ ನಿಲ್ಲಿಸಿದ್ದಾರೆ. ಡಾಕ್ಟರಮ್ಮನಿಗೆ ಆಗಲೇ ಫೋನಿನಲ್ಲಿ ಹೇಳಿದೆ, ಬೇಸರ ಮಾಡಿಕೊಂಡೇ ಬೇಡವೆಂದರು. ಮಂಗಳವಾರ ಬಿಡಿಭಾಗದ ವ್ಯಾಪಾರಿಗಳು ಬರುತ್ತಾರೆ. ಮೊದಲು ಎಂಜಿನ್ ಇಳಿಸಿ, ಆಮೇಲೆ ರೆಕ್ಕೆ ಕತ್ತರಿಸುತ್ತಾರಂತೆ. ನೀವು ಬರಬೇಡಿ, ನೋಡಿ ತಡೆದುಕೊಳ್ಳಲಾರಿರಿ. ನಿಮ್ಮ ಹೆಡ್‌ಸೆಟ್ ತೆಗೆದಿಟ್ಟಿದ್ದೇನೆ, ಕೊರಿಯರ್‌ನಲ್ಲಿ ಕಳಿಸುತ್ತೇನೆ. ಮಾತ್ರೆ ತಪ್ಪಿಸಬೇಡಿ.

ಇಂತು,
ನಿಮ್ಮ ಪುಸ್ತಕ ಬರೆಯುವವಳು

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನೀವು ಬರೆದಿಡುತ್ತಿಲ್ಲವೆಂದು ನನಗೆ ಎರಡನೇ ಭಾನುವಾರವೇ ಗೊತ್ತಾಗಿತ್ತು. ಆಗಲೇ ತಡೆದಿದ್ದರೆ ಮುದುಕಿ ಇನ್ನೂ ಮೂರು ವರ್ಷ ಡಾಕ್ಟರಮ್ಮನ ಕೈಯಲ್ಲಿ ಹಾರಿಕೊಂಡಿರುತ್ತಿದ್ದಳು. ಹೇಳಬೇಕೆಂದೇ ಅವತ್ತು ಆಫೀಸಿನ ಬಾಗಿಲಿಗೆ ಬಂದಿದ್ದೆ. ನೀವು ವಿಮಾನದ ಮೆಟ್ಟಿಲಿಳಿದು ಬಂದು, "ಟೀ ಇದೆಯೇನೇ?" ಎಂದಿರಿ. ಮನೆ ಬಿಟ್ಟ ಮೇಲೆ ನೀವು ನನ್ನೊಡನೆ ಆಡಿದ ಮೊದಲ ಮಾತು ಅದು. ಇದೆ ಎಂದೆ. ಆಮೇಲೆ ಪ್ರತಿ ವಾರ ನೀವು ಎಂಜಿನ್ ಹೊತ್ತಿಸುವುದನ್ನು ಎಣಿಸಿಕೊಂಡು, ಒಳಗೆ ಎರಡು ಲೋಟ ಟೀಗೆ ನೀರಿಡುತ್ತಿದ್ದೆ. ಎಂಜಿನ್ ಹೊತ್ತಿಸಬೇಡಿ ಎಂದಿದ್ದರೆ ನೀವು ಮತ್ತೆ ಬರುತ್ತಿರಲಿಲ್ಲ.