ಬಂದೂಕಿನ ಮೇಲಿನ ಬೆಳಕು

ದೊಡ್ಡಬಳ್ಳಾಪುರ
೧೮-೩-೧೯೭೪

ಅನುಸೂಯಳಿಗೆ,

ಆಶೀರ್ವಾದ ಎಂದು ಬರೆಯುವ ಯೋಗ್ಯತೆ ಕಳೆದುಕೊಂಡ ನಿನ್ನ ಗಂಡ ಬೈರಣ್ಣನ ನಮಸ್ಕಾರ. ಎರಡು ವರ್ಷದಿಂದ ನಾನು ಬರೆದ ಕಾಗದಗಳನ್ನೆಲ್ಲ ಒಡೆಯದೆ ವಾಪಸು ಕಳಿಸಿದ್ದೀಯ. ಇದೊಂದನ್ನು ಓದು. ಮನೆಗೆ ಬಾ ಎಂದು ಕರೆಯಲು ಬರೆದದ್ದಲ್ಲ. ಇದು ನಿಮ್ಮಪ್ಪನ ವಿಷಯ.

ನಿಮ್ಮೂರ ಪಟೇಲರ ಮಗ ಕೊಂಡಪ್ಪ ಕರೆಂಟು ಹೊಡೆದು ಸತ್ತ ಸುದ್ದಿ ನೀನಿರುವ ಸೂಲಿಬೆಲೆಗೂ ಮುಟ್ಟಿರುತ್ತದೆ. ಅಲ್ಲಿ ದೀಪದ ಕೆಲಸಕ್ಕಿದ್ದವನು ನಾನೇ.

ನಾಟಕ ಕಂಪನಿ ಮುಚ್ಚಿದ ಮೇಲೆ ಸುಮ್ಮನೆ ಕೂತಿದ್ದೆ. ಮಾಕಳಿದುರ್ಗದ ಬುಡದಲ್ಲಿರುವ ನಿನ್ನ ಹುಟ್ಟೂರಿನಲ್ಲಿ ಕೊಂಡಪ್ಪ, ತೀರಿಹೋದ ಅಪ್ಪನ ಹೆಸರಿನಲ್ಲಿ ಮ್ಯೂಸಿಯಂ ಮಾಡುತ್ತಿದ್ದಾನೆ, ದೀಪ ಗೊತ್ತಿರುವವನು ಬೇಕು ಎಂದು ಯಾರೋ ಹೇಳಿದರು. ಹೋದೆ. ಪಟೇಲರ ಪೇಟ, ಕತ್ತಿ, ಬೆಳ್ಳಿ ಹಿಡಿಯ ಕೋಲು, ಬಂದೂಕು ಎಲ್ಲವನ್ನೂ ಗಾಜಿನ ಪೆಟ್ಟಿಗೆಗಳಲ್ಲಿಟ್ಟು ಮನೆಯ ಹಜಾರದಲ್ಲಿ ನಿಲ್ಲಿಸಿದ್ದರು. ಎದುರು ಗೋಡೆಯ ಮೇಲೆ ಹನ್ನೆರಡು ನಿಮಿಷದ ಫಿಲ್ಮು ಓಡಬೇಕು. ಅದರ ದನಿ ಯಾವ ವಸ್ತುವಿನ ಕಥೆ ಹೇಳುತ್ತದೋ, ಅದೇ ಗಳಿಗೆಗೆ ಆ ಪೆಟ್ಟಿಗೆಯ ಮೇಲೆ ಬೆಳಕು ಮೆಲ್ಲಗೆ ಏರಬೇಕು, ಕಥೆ ಮುಗಿದೊಡನೆ ಇಳಿಯಬೇಕು.

ಹಜಾರದ ಪಕ್ಕದ ಸಣ್ಣ ಕೋಣೆಯಲ್ಲಿ, ನಾಟಕದಲ್ಲಿ ಮಾಡುತ್ತಿದ್ದಂತೆಯೇ, ಉಪ್ಪುನೀರಿನ ಜಾಡಿಗಳನ್ನು ಹೂಡಿದೆ. ಒಂದೊಂದು ದೀಪಕ್ಕೆ ಒಂದೊಂದು ಜಾಡಿ. ಕರೆಂಟಿನ ತಗಡನ್ನು ನೀರಿಗೆ ಇಳಿಸಿದಷ್ಟೂ ದೀಪ ಏರುತ್ತದೆ. ಫಿಲ್ಮಿನ ಮೂಲೆಯಲ್ಲಿ ಸೂಜಿಯಿಂದ ಕೆರೆದು ಚುಕ್ಕಿ ಮಾಡಿದೆ. ಗೋಡೆಯ ಮೇಲೆ ಚುಕ್ಕಿ ಮಿನುಗಿದ ಕೂಡಲೇ ತಗಡು ಇಳಿಸುವುದು. ಪ್ರೊಜೆಕ್ಟರ್ ನಡೆಸುವ ಪಾಪಯ್ಯನೂ ನಾನೂ ಎಂಟು ದಿನ ಅಭ್ಯಾಸ ಮಾಡಿದೆವು. ಮೊದಮೊದಲು ಕೋಲಿನ ಕಥೆ ನಡೆಯುವಾಗ ಕತ್ತಿ ಬೆಳಗುತ್ತಿತ್ತು. ಆಮೇಲೆ ಮಾತೂ ಬೆಳಕೂ ಕೂಡಿಬಂದವು.

ಬಂದೂಕಿನ ಸರದಿ ಬಂದಾಗ ಫಿಲ್ಮಿನ ದನಿ, ಸರ್ಕಾರಕ್ಕೆ ಕಡ್ಡಾಯವಾಗಿ ರಾಗಿ ಅಳೆಯಬೇಕಿದ್ದ ಲೆವಿ ಕಾಲದಲ್ಲಿ, ಅದನ್ನು ದೋಚಲು ಬಂದ ಆರು ಡಕಾಯಿತರನ್ನು ಪಟೇಲರು ಇದರಿಂದಲೇ ಅಡಗಿಸಿದರು ಎನ್ನುತ್ತಿತ್ತು. ನಾನೂ ಅದನ್ನೇ ನಂಬಿದ್ದವನು, ಆ ಆರರಲ್ಲಿ ನಿಮ್ಮಪ್ಪನೂ ಒಬ್ಬ ಎಂದು. ಕುಡಿದು ಬಂದಾಗಲೆಲ್ಲ ನಿನ್ನನ್ನು ಕಳ್ಳನ ಮಗಳು ಎಂದೆ. ಒನಕೆಯಿಂದ ಹೊಡೆದು ನಿನ್ನ ಮಣಿಕಟ್ಟು ಮುರಿದ ದಿನವೂ ನನ್ನ ಬಾಯಲ್ಲಿದ್ದದ್ದು ಅದೇ ಮಾತು.

ಏಳನೆಯ ದಿನ, ಬಂದೂಕಿನ ಮೇಲೆ ಬೆಳಕು ಏರಿದಾಗ, ಕಸ ಗುಡಿಸುತ್ತಿದ್ದ ಮುದುಕಿ ಮುತ್ತಮ್ಮ ಪೊರಕೆ ಬಿಸಾಕಿ ಕುಕ್ಕರಿಸಿದಳು.

“ಡಕಾಯಿತ್ರಂತೆ! ಖಾಲಿ ಚೀಲ ಹಿಡ್ಕಂಡು ನಿಂತಿದ್ರು ಕಣಪ್ಪ. ರಾಗಿನೆಲ್ಲ ಬೆಂಗ್ಳೂರಿಗೆ ಸಾಗಿಸ್ಬ್ಯಾಡಿ, ಮಕ್ಳು ಸಾಯ್ತಾವೆ ಅಂದ್ರು. ಪಟೇಲ್ರು ನನ್ ಗಂಡನ ಹೊಟ್ಟೆಗೆ ಗುಂಡು ಹೊಡೆದ್ರು. ಅವನ್ನ ಎತ್ತಕ್ಕೆ ಅಂತ ಬಗ್ಗಿದ್ದ ಮುನಿಶಾಮಪ್ಪನ ಬೆನ್ನಿಗೆ ಹೊಡೆದ್ರು.”

ಮುನಿಶಾಮಪ್ಪ ನನ್ನ ಮಾವ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು.

“ಅನುಸೂಯನ ಗಂಡನಾ ನೀನು? ಆ ಕೂಸು ಅಪ್ಪನ ಬೆನ್ನಿನ ತೂತಕ್ಕೆ ಎರಡೂ ಅಂಗೈ ಒತ್ತಿ ಹಿಡ್ಕಂಡಿತ್ತಪ್ಪ. ರಕ್ತ ಬೆರಳ ಸಂದಿಲಿ ಬರ್ತಿತ್ತು. ಬಿಡಿಸೋಕೆ ಹೋದ್ರೆ ಕಚ್ತು.”

ಇದನ್ನು ನೀನು ಒಂದು ದಿನವೂ ನನಗೆ ಹೇಳಲಿಲ್ಲ. ಹೇಳಿದ್ದರೂ ನಾನು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಹದಿನಾಲ್ಕನೇ ತಾರೀಖು ಬೆಳಿಗ್ಗೆ ಹನ್ನೊಂದಕ್ಕೆ ಉದ್ಘಾಟನೆ. ಕಿಟಕಿಗಳಿಗೆ ಕರಿ ಪರದೆ ಕಟ್ಟಿದ್ದರು. ತಾಲ್ಲೂಕಿನ ದೊಡ್ಡವರೂ ಊರವರೂ ಸೇರಿ ನೂರು ಜನ. ಬಂದೂಕಿನ ಚುಕ್ಕಿ ಮಿನುಗಿತು. ನಾನು ಬಂದೂಕಿನ ತಗಡು ಮುಟ್ಟಲಿಲ್ಲ. ಪೇಟದ ಪೆಟ್ಟಿಗೆಯ ಪಕ್ಕ ಮುತ್ತಮ್ಮ ನಿಂತಿದ್ದಳು, ಆ ದೀಪವನ್ನು ಪೂರ್ತಿ ಏರಿಸಿದೆ. ಮೊದಲೇ ಮಾತಾಡಿಕೊಂಡಂತೆ ಪಾಪಯ್ಯ ಫಿಲ್ಮಿನ ದನಿ ಅಡಗಿಸಿದ. ಗೋಡೆಯ ಮೇಲೆ, ಬದುಕಿದ್ದಾಗ ತೆಗೆದ ಚಿತ್ರದಲ್ಲಿ, ಪಟೇಲರು ಬಾಯಿ ಆಡಿಸುತ್ತಲೇ ಇದ್ದರು. ಮುತ್ತಮ್ಮ ಸತ್ತ ಆರೂ ಜನರ ಹೆಸರು ಹೇಳಿದಳು, ಯಾರಿಗೆ ಎಲ್ಲಿ ಗುಂಡು ಬಿತ್ತೆಂದೂ ಹೇಳಿದಳು.

ಕೊಂಡಪ್ಪ ಅವಳ ಜುಟ್ಟು ಹಿಡಿದು ತಲೆಯನ್ನು ಗಾಜಿಗೆ ಅಪ್ಪಳಿಸಿದ. ಒಂದು ಸಲವಲ್ಲ, ಮೂರು ಸಲ. ಗಾಜು ಒಡೆದು ಅವಳ ನೆತ್ತಿ ಸೀಳಿತು. ಜನ ಬಾಗಿಲ ಕಡೆ ನುಗ್ಗಿದರು. ಅವನು ಕೋಲಿನ ಪೆಟ್ಟಿಗೆಯನ್ನೂ ಒಡೆದು, ಆ ಬೆಳ್ಳಿ ಹಿಡಿಯ ಕೋಲು ಹಿಡಿದು ನನ್ನ ಕೋಣೆಗೆ ಬಂದ. “ಲೇ, ನನ್ ಮನೇಲೇ ನಮ್ಮಪ್ಪನ್ನ ಕೊಲ್ತೀಯಾ?” ಎಂದು ಬಾಯಿಗೆ ಬೀಸಿದ. ನನ್ನ ಎರಡು ಹಲ್ಲು ಉದುರಿದವು. ನಾನು ಅವನ ಮುಖವನ್ನು ಗೋಡೆಗೆ ಗುದ್ದಿದೆ. ಮೂಗು ಮುರಿದ ಸದ್ದು ಕೇಳಿಸಿತು. ಸಿಟ್ಟಿನಲ್ಲಿ ಅವನು ಜಾಡಿಗಳನ್ನು ಒದ್ದ. ನೆಲವೆಲ್ಲ ಉಪ್ಪುನೀರು. ಬರಿಗಾಲಿನಲ್ಲಿ ಅದರೊಳಗೆ ನಿಂತು ತಂತಿಗಳನ್ನು ಕಿತ್ತು ಹಾಕಲು ಹಿಡಿದೆಳೆದ. ಹಿಡಿದ ಕೈ ಬಿಡಲಿಲ್ಲ.

ನಾನು ಮರದ ಹಲಗೆಯ ಮೇಲಿದ್ದುದರಿಂದ ಉಳಿದೆ. ಕತ್ತಲಲ್ಲಿ ಮೈನ್ ಸ್ವಿಚ್ಚು ಸಿಗಲಿಲ್ಲ. ತಡಕಾಡಿ ಆರಿಸುವಷ್ಟರಲ್ಲಿ ಮುಗಿದುಹೋಗಿತ್ತು. ಪೊಲೀಸರ ಮುಂದೆ ಹೀಗೆಯೇ ಬರೆಸಿದೆ. ಆಕಸ್ಮಿಕ ಎಂದು ಅವರೂ ಬರೆದುಕೊಂಡರು.

ಮುತ್ತಮ್ಮನ ತಲೆಗೆ ಹತ್ತೊಂಬತ್ತು ಹೊಲಿಗೆ. ಇಲ್ಲಿನ ಆಸ್ಪತ್ರೆಯಲ್ಲಿದ್ದಾಳೆ. ನಿನ್ನೆಯಿಂದ ಗಂಜಿ ಕುಡಿಯುತ್ತಿದ್ದಾಳೆ. ಊರಿನವರು ಸರದಿಯಂತೆ ಬಂದು ಕೂರುತ್ತಾರೆ. ಆರು ಮನೆಗಳ ಹೆಸರನ್ನು ಈಗ ತಗ್ಗಿದ ದನಿಯಲ್ಲಿ ಯಾರೂ ಹೇಳುವುದಿಲ್ಲ. ಸಾಧ್ಯವಾದರೆ ಬಂದು ಅವಳನ್ನು ನೋಡು. ನೀನು ಬರುವ ದಿನ ನಾನು ಆ ಕಡೆ ಸುಳಿಯುವುದಿಲ್ಲ.

ನಿನ್ನ ಕೈ ಈಗ ಕೊಡ ಎತ್ತುತ್ತದೆಯೇ? ಕೇಳುವ ಹಕ್ಕಿಲ್ಲ, ಆದರೂ ಕೇಳಿದೆ.

ಇಂತಿ,
ನಿಮ್ಮಪ್ಪನನ್ನು ಕಳ್ಳನೆಂದ
ಬೈರಣ್ಣ

ಮರೆತಿದ್ದಲ್ಲ, ಬರೆಯಲು ಹೆದರಿದ್ದು: ಕಾಗದ ಮಡಚಿ ಮತ್ತೆ ಬಿಚ್ಚಿದ್ದೇನೆ. ಸ್ವಿಚ್ಚು ಸಿಗಲಿಲ್ಲ ಎಂದದ್ದು ಸುಳ್ಳು. ಕತ್ತಲೆಯೂ ಇರಲಿಲ್ಲ, ಬಾಗಿಲಿನಿಂದ ಫಿಲ್ಮಿನ ಬೆಳಕು ಬರುತ್ತಿತ್ತು. ನನ್ನ ಕೈ ಸ್ವಿಚ್ಚಿನ ಮೇಲೆಯೇ ಇತ್ತು. ಕೊಂಡಪ್ಪ ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣು ನಿಂತ ಮೇಲೆ ಸ್ವಿಚ್ಚು ಎಳೆದೆ. ನಿಮ್ಮಪ್ಪನಿಗಾಗಿ ಹಾಗೆ ಮಾಡಿದೆ ಎಂದುಕೊಳ್ಳಲು ನಾಲ್ಕು ದಿನ ಹೆಣಗಿದೆ. ಆಗುತ್ತಿಲ್ಲ. ಆ ಹೊತ್ತು ನನ್ನೊಳಗೆ ಇದ್ದದ್ದು ನಿನ್ನ ಮೇಲೆ ಒನಕೆ ಎತ್ತಿದಾಗ ಇದ್ದ ಸಿಟ್ಟೇ. ಈ ಕಾಗದವನ್ನು ಒಲೆಗೆ ಹಾಕುತ್ತೀಯೋ ಠಾಣೆಗೆ ಕೊಡುತ್ತೀಯೋ, ನೀನೇ ತೀರ್ಮಾನಿಸು. ನಾನು ಊರು ಬಿಡುವುದಿಲ್ಲ.