ಮೂಲೆ ಕತ್ತರಿಸಿದ ಹಾಳೆ

ಹಾನಗಲ್ಲ
ಸೋಮವಾರ, 6-12-1982

ಪ್ರೀತಿಯ ತಮ್ಮ ಮೈಲಾರಪ್ಪನಿಗೆ ಅಕ್ಕ ಸರೋಜವ್ವನ ಆಶೀರ್ವಾದ.

ಹೇಗಿದ್ದೀ? ಬೆನ್ನುನೋವು ಇಳಿಯಿತೇ? ಆಣೆಕಟ್ಟಿನ ಸಿಮೆಂಟು ಧೂಳಿಗೆ ಕೆಮ್ಮು ಹತ್ತಿದೆ ಎಂದು ಬರೆದಿದ್ದೆಯಲ್ಲ, ಶುಂಠಿ-ಬೆಲ್ಲ ತಿನ್ನು, ಬೀಡಿ ಬಿಡು. ಬಿಡುವುದಿಲ್ಲ ಎಂದು ಗೊತ್ತು, ಆದರೂ ಹೇಳುವುದು ಅಕ್ಕನಾದವಳ ಕೆಲಸ. ನಾವು ಇಲ್ಲಿ ಇದ್ದೇವೆ ಅಷ್ಟೆ. ಅವ್ವ ಊರಲ್ಲಿ ಐದು ದಿನದಿಂದ ಅನ್ನ ಬಿಟ್ಟು ಕುಳಿತಿದ್ದಾಳೆ. ಯಾಕೆಂದು ಹೇಳಲಿಕ್ಕೇ ಈ ಕಾಗದ, ನಿಂತು ಓದಬೇಡ.

ದಡಾರ ಬಂದು ನಿನ್ನ ಮಂಜವ್ವನ ಕಣ್ಣು ಹೋಯಿತು. ಕಣ್ಣಿಲ್ಲದ ಮಗಳ ಮುಖ ನೋಡಲಾರೆ ಎಂದು ನೀನು ಹೋದೆ, ಮೂರು ವರ್ಷವಾಯಿತು. ತಾಯಿಯಿಲ್ಲದ ಹುಡುಗಿಯನ್ನು ನಾನು ಇಲ್ಲಿಗೆ ತಂದುಕೊಂಡೆ. ನಾವು ಐದು ಜನ ಪ್ರತಿ ರವಿವಾರ ವಾಚನಾಲಯದ ಪಡಸಾಲೆಯಲ್ಲಿ ಕೂಡಿ, ಸುತ್ತಲಿನ ಹಳ್ಳಿಗಳ ಕುರುಡು ಮಕ್ಕಳಿಗೆ ದಪ್ಪ ಹಾಳೆಯಲ್ಲಿ ಮೊಳೆಯಿಂದ ಚುಕ್ಕಿ ಚುಚ್ಚಿ ಬ್ರೈಲ್ ಪಾಠ ಬರೆಯುತ್ತೇವೆ. ಮಕ್ಕಳು ಅದನ್ನು ಬೆರಳಲ್ಲಿ ಓದುತ್ತವೆ. ಹಾಳೆ ತಲೆಕೆಳಗಾದರೆ ಅಕ್ಷರವೆಲ್ಲ ಕಲಸುಮೇಲೋಗರ. ಅದಕ್ಕೆ ನಮ್ಮ ದರ್ಜಿ ಉಸ್ಮಾನಸಾಬರು ಒಂದು ಉಪಾಯ ತೆಗೆದರು: "ಮ್ಯಾಲಿನ ಬಲಗಡೆ ಮೂಲಿ ಕತ್ತರಿಸಿಬಿಡೂಣ್ರಿ ಅಕ್ಕಾರ, ಕೂಸಿನ ಬೆರಳಿಗೆ ಗೊತ್ತಾಗತೈತಿ." ಶಹಭಾಸ್ ಎಂದೆವು. ಮಂಜವ್ವನಿಗೂ ಹಾಗೇ ಕಲಿಸಿದೆ. ನಮ್ಮ ಕಡೆ ಮೂಲೆ ಹರಿದ ಕಾಗದವೆಂದರೆ ಸಾವಿನ ಸುದ್ದಿ. ಅಪ್ಪ ಸತ್ತಾಗ ಕಾರ್ಡುಗಳ ಮೂಲೆ ಹರಿದವನು ನೀನೇ ಅಲ್ಲವೇ? ಅದನ್ನು ಹೊಸ್ತಿಲು ದಾಟಿಸುವುದಿಲ್ಲ, ಹೊರಗೇ ಓದಿ ಹರಿದು ಚೆಲ್ಲುತ್ತಾರೆ. ಕಣ್ಣಿದ್ದ ಐದು ಜನರಲ್ಲಿ ಒಬ್ಬರಿಗೂ ಇದು ಹೊಳೆಯಲಿಲ್ಲ ನೋಡು.

ಜೂನ್‌ನಲ್ಲಿ ಮಂಜವ್ವನನ್ನು ಹುಬ್ಬಳ್ಳಿಯ ವಸತಿಶಾಲೆಗೆ ಸೇರಿಸಿದೆ. ದೀಪಾವಳಿ ರಜೆ ಯಾವತ್ತು ಎಂದು ಗೊತ್ತಾದ ಕೂಡಲೇ ಅಜ್ಜಿಗೆ ಬರೆ, ಅಜ್ಜಿ ಅದನ್ನು ನನ್ನ ಹತ್ತಿರ ತರುತ್ತಾಳೆ, ಓದಿ ಇಬ್ಬರೂ ಕರೆಯಲು ಬರುತ್ತೇವೆ ಎಂದು ಅವಳಿಗೆ ಹೇಳಿದ್ದೆ. ನನಗೇ ಬರೆ ಎನ್ನಬಹುದಿತ್ತು. ಆದರೆ "ಕುರುಡಿಗೆ ಯಾಕ ಸಾಲಿ" ಎಂದಿದ್ದ ಓಣಿಯವರ ಎದುರು ಅವ್ವನ ಕೈಗೆ ಮೊಮ್ಮಗಳ ಕಾಗದ ಬರಲಿ ಎಂಬ ಡೌಲು ನನ್ನದು. ಓದು ಬಾರದ ಅವ್ವನಿಗೆ "ಮಂಜಿ ಕಾಗದ ಬರೀತಾಳ" ಎಂದು ಹೇಳಿದೆನೇ ಹೊರತು ಚುಚ್ಚಿದ ಹಾಳೆ ಹೇಗಿರುತ್ತದೆ ಎಂದು ಒಮ್ಮೆಯೂ ತೋರಿಸಲಿಲ್ಲ. ಕಾಗದ ಬರಲಿಲ್ಲವಾದ್ದರಿಂದ ರಜೆಯೇ ಇಲ್ಲವೆಂದು ನಾನು ಇಲ್ಲಿ ಆರಾಮಾಗಿ ಹಬ್ಬ ಮಾಡಿದೆ.

ದೀಪಾವಳಿಯಾಗಿ ಹದಿನೈದು ದಿನಕ್ಕೆ, ಗೌರಿ ಹುಣ್ಣಿಮೆಗೆ, ಬಂಕಾಪುರದಲ್ಲಿ ಬಸ್ಸಿಳಿದು ಊರಿಗೆ ಹೋದೆ. ಬಚ್ಚಲ ಒಲೆಗೆ ಕುಳ್ಳು ಇಡುವಾಗ ಬೂದಿಯಲ್ಲಿ ಅರ್ಧ ಸುಟ್ಟ ಹಾಳೆ ಸಿಕ್ಕಿತು. ಬೆರಳಾಡಿಸಿದೆ. "ಅಜ್ಜೀ, ಎಲ್ಲಾರೂ ಮನಿಗೆ ಹೋದ್ರು, ನೀ ಯಾವಾಗ" ಎಂದಿತ್ತು, ಮುಂದೆ ಸುಟ್ಟಿತ್ತು. ಅವ್ವನನ್ನು ಕೇಳಿದೆ. "ಮಸಿ ಇಲ್ಲ, ಅಕ್ಷರ ಇಲ್ಲ, ಸೂಜೀಲೆ ಚುಚ್ಚೇತಿ, ಮೂಲಿ ಬ್ಯಾರೆ ಕತ್ತರಿಸೇತಿ. ಹೆಸರಿಲ್ಲದ ಸಾವಿನ ಕಾಗದ. ಯಾರೋ ಮಾಟ ಮಾಡಿ ಕಳಸ್ಯಾರಂತ ಸುಟ್ಟೆ. ಬಾಯಿಬಿಟ್ಟು ಹೇಳಿದ್ರ ಆ ಸಾವು ಯಾರರ ಹೆಸರ ಹಿಡೀತಿತ್ತಲ್ಲ" ಎಂದಳು. ಮೂರು ಬಂದಿದ್ದವಂತೆ, ಮೂರನ್ನೂ ಸುಟ್ಟಿದ್ದಾಳೆ. ಅವು ಏನೆಂದು ತಿಳಿಸಿದ ಮೇಲೆ ಅವ್ವ ಬಾಯಿಗೆ ತುತ್ತು ಇಟ್ಟಿಲ್ಲ. ಅವಳನ್ನು ಬೈಯಲು ನನಗೆ ಯಾವ ಮುಖವಿದೆ?

ಶುಕ್ರವಾರ ಹುಬ್ಬಳ್ಳಿಗೆ ಓಡಿದೆ, ಅಷ್ಟರಲ್ಲಿ ರಜೆ ಮುಗಿದು ಶಾಲೆ ಮತ್ತೆ ಸುರುವಾಗಿತ್ತು. ಅಲ್ಲಿ ಅಡುಗೆ ಮಾಡುವ ದುರಗವ್ವ ನನ್ನನ್ನು ಒಳಗೂ ಕರೆಯಲಿಲ್ಲ. "ಇಪ್ಪತ್ತು ದಿನ ಕೂಸು ದಿನಾ ಗಂಟು ಕಟ್ಟಿ ಬಾಗಲದಾಗ ಕುಂಡರತಿತ್ರಿ. ಯಾರದರ ಚಪ್ಪಲಿ ಸಪ್ಪಳಾದ್ರ ಎದ್ದ ನಿಂದರತಿತ್ತು" ಎಂದಳು. ಮಂಜವ್ವನಿಗೆ ಮುಚ್ಚಿಡದೆ ಎಲ್ಲ ಹೇಳಿದೆ, ಮೂಲೆಯ ಅರ್ಥವನ್ನೂ. ಅವಳು ಅಳಲಿಲ್ಲ. "ಹಂಗಾರ ನಾ ಮೂರ ಸಲ ಸತ್ತೆ, ಅತ್ತಿ" ಎಂದಳು. ಹತ್ತು ವರ್ಷದ ಕೂಸಿನ ಮಾತೇ ಅದು? ಆಮೇಲೆ "ಅಪ್ಪಗ ಯಾವ ಕಾಗದಾನೂ ಸುಟ್ಟಿಲ್ಲಲ್ಲ, ಅಂವಾ ಯಾಕ ಬರಲಿಲ್ಲ?" ಎಂದು ಕೇಳಿದಳು. ಅದಕ್ಕೆ ಉತ್ತರ ನೀನೇ ಹೇಳು. ನಿನಗೆ ಕಾಗದ ಬರೆಯುತ್ತೇನೆಂದು ಹಾಳೆ ಕೇಳಿ ಮೂಲೆಗೆ ಹೋಗಿ ಕುಳಿತಳು. ಮಡಚಿ ಕೊಟ್ಟಾಗ, ಕೋಪ ಇಳಿಯಿತೆಂದು ಒಳಗೊಳಗೇ ಹಿಗ್ಗಿದೆ.

ನಿನ್ನೆ ವಾಚನಾಲಯದಲ್ಲಿ ಉಸ್ಮಾನಸಾಬರು ಕತ್ತರಿ ಮುಟ್ಟಲಿಲ್ಲ. ಎಲ್ಲ ಹಾಳೆಗಳ ಮೂಲೆಗೂ ದಾರದ ಎರಡು ಹೊಲಿಗೆ ಹಾಕಿದರು. ನಿನ್ನ ಕೆಲಸದ ಜೊತೆಗಾರ ಬೀರಪ್ಪನಿಗೆ ನನ್ನ ನಮಸ್ಕಾರ ಹೇಳು. ಮೈಲಾರಲಿಂಗ ನಿನ್ನನ್ನು ಕಾಯಲಿ, ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ,
ಸರೋಜವ್ವ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು. ಲಕೋಟೆಗೆ ಹಾಕುವ ಮುಂಚೆ ಮಂಜವ್ವ ನಿನಗೆಂದು ಕೊಟ್ಟ ಹಾಳೆ ಬಿಚ್ಚಿದೆ. ಎರಡು ಸಲ ಬೆರಳಾಡಿಸಿದೆ. ಒಂದು ಚುಕ್ಕಿಯೂ ಇಲ್ಲ. ಮೂಲೆ ಮಾತ್ರ ಇಲ್ಲ, ಕತ್ತರಿಯಿಂದಲ್ಲ, ಕೈಯಿಂದ ಹರಿದಿದ್ದಾಳೆ. ಅದರ ಅರ್ಥ ಈಗ ಅವಳಿಗೆ ಗೊತ್ತು. ಇದನ್ನು ಹೊರಗೆ ನಿಂತು ಹರಿದು ಚೆಲ್ಲಬೇಡ, ತಮ್ಮಾ. ಕೈಯಲ್ಲಿ ಹಿಡಿದುಕೊಂಡು ಹುಬ್ಬಳ್ಳಿಯ ಬಸ್ಸು ಹತ್ತು.