ಡಬ್ಬಿ ತುಂಬ್ಯಾದ

ನಾಸಿಕ್ ರೋಡ್,
೨೨ ಆಗಸ್ಟ್ ೨೦೨೫

ಪ್ರೀತಿಯ ಗುರೂ,

ನಿನ್ನ ಅವ್ವನ ಆಶೀರ್ವಾದಗಳು. ಹೇಗಿದ್ದೀಯಪ್ಪಾ? ಕೆಮ್ಮು ಹೋಯಿತೇ? ಜೋರಹಾಟಿನಲ್ಲಿ ಬಿಡದೆ ಮಳೆ ಅಂತ ಹೇಳಿದ್ದೆ, ಒದ್ದೆ ಸಾಕ್ಸ್ ಹಾಕಿಕೊಂಡು ಬ್ಯಾಂಕಿಗೆ ಹೋಗಬೇಡ. ವಸುಧಾ ಕಳಿಸಿದ ಶೇಂಗಾ ಹಿಂಡಿ ಮುಟ್ಟಿತೋ ಇಲ್ಲವೋ ತಿಳಿಸು. ಮೂರು ಹೊತ್ತೂ ಅನ್ನ ತಿಂದು ಬೇಸರ ಬಂದಿದೆ ಅಂದಿದ್ದೆಯಲ್ಲ, ಆ ಊರಿನಲ್ಲಿ ಜೋಳದ ಹಿಟ್ಟು ಸಿಗದಿದ್ದರೆ ಗೋಧಿ ಹಿಟ್ಟಿನದೇ ಚಪಾತಿ ಮಾಡಿಕೋ, ಹಿಂಡಿ ಜೊತೆಗಿದ್ದರೆ ಹೊಟ್ಟೆ ತಕರಾರು ಮಾಡುವುದಿಲ್ಲ. ಇಲ್ಲಿ ನಿಮ್ಮ ಅಪ್ಪನವರು, ನಿನ್ನ ಹೆಂಡತಿ ವಸುಧಾ, ಮಗಳು ಅಮೂಲ್ಯಾ ಎಲ್ಲರೂ ಆರಾಮ. ನನ್ನ ಮೊಣಕಾಲೂ ಆರಾಮ, ಯಾರಾದರೂ ವಿಚಾರಿಸಿದಾಗ ಮಾತ್ರ ನೋಯುತ್ತದೆ.

ದಿನಾ ಫೋನಿನಲ್ಲಿ ಮಾತಾಡುವ ಅವ್ವ ಕಾಗದ ಯಾಕೆ ಬರೆದಳು ಅಂತ ಗಾಬರಿಯಾಗಬೇಡ. ನಾನು ಫೋನ್ ಹಿಡಿದರೆ ನಿನ್ನ ಮಗಳು ನನ್ನ ತೊಡೆಯ ಮೇಲಿರುತ್ತಾಳೆ, ಅವಳ ಕಿವಿ ಫೋನಿನ ಮೇಲಿರುತ್ತದೆ. ಉತ್ತರ ಕೊಡುವುದು ಮರಾಠಿಯಲ್ಲಾದರೂ ನಮ್ಮ ಕನ್ನಡ ಅವಳಿಗೆ ಒಂದು ಮಾತೂ ಬಿಡದೆ ತಿಳಿಯುತ್ತದೆ. ಮೆಸೇಜ್ ಕಳಿಸೋಣವೆಂದರೆ ನನ್ನ ಫೋನು ನನಗಿಂತ ಹೆಚ್ಚು ಅವಳ ಕೈಯಲ್ಲೇ ಇರುತ್ತದೆ, ವಾಯ್ಸ್ ಮೆಸೇಜನ್ನು ನನಗಿಂತ ಮೊದಲು ಅವಳೇ ಕೇಳಿ ಮುಗಿಸಿರುತ್ತಾಳೆ. ಕನ್ನಡ ಓದಲು ಮಾತ್ರ ಅವಳಿಗೆ ಬರುವುದಿಲ್ಲ. ಅದಕ್ಕೇ ಧೈರ್ಯವಾಗಿ ಅವಳ ಕಣ್ಣೆದುರಿಗೇ ಕೂತು ಬರೆಯುತ್ತಿದ್ದೇನೆ. ಈಗಷ್ಟೇ "ಕಾಯ್ ಲಿಹಿತೇಸ್ ಆಜೀ?" ಅಂತ ಬಗ್ಗಿ ನೋಡಿ ಹೋದಳು. ಏನು ಬರೆಯುತ್ತಿದ್ದೀಯ ಅಂತ ಕೇಳಿದ್ದಕ್ಕೆ ಉಪ್ಪಿನಕಾಯಿ ಹಾಕುವ ಬಗೆ ಅಂತ ಹೇಳಿ ಕಳಿಸಿದೆ. ಜಾದೂಗಾರರು ಗುಟ್ಟು ಬಿಟ್ಟುಕೊಡುವವರಲ್ಲ. ಹೌದಪ್ಪಾ, ಜಾದೂಗಾರರು ಅಂದೆ. ನಗುವುದನ್ನು ನಿಲ್ಲಿಸಿ ಮುಂದೆ ಓದು.

ವರ್ಗದ ಆರ್ಡರ್ ಬರುವ ಮುಂಚೆ ನೀನು ಅವಳಿಗೆ "ಈ ಸಲ ನಿನ್ನ ಬರ್ತ್‌ಡೇಕ್ಕ ಜಾದೂಗಾರನ್ನ ಕರಕೊಂಡು ಬರ್ತೀನಿ" ಅಂತ ಮಾತು ಕೊಟ್ಟಿದ್ದೆ. ಅವಳು ಅದನ್ನು ಇಡೀ ಕ್ಲಾಸಿಗೆ, ಶಾಲೆಯ ರಿಕ್ಷಾದ ಮಕ್ಕಳಿಗೆ, ಕೊನೆಗೆ ನಮ್ಮ ಬಿಲ್ಡಿಂಗಿನ ವಾಚ್‌ಮನ್‌ಗೂ ಸಾರಿಬಿಟ್ಟಿದ್ದಳು. ಆಮೇಲೆ ನೀನು ದೇಶದ ಆ ತುದಿಯ ಜೋರಹಾಟಿಗೆ ಹೋದೆ, ಹುಟ್ಟುಹಬ್ಬಕ್ಕೆ ರಜೆ ಸಿಗುವುದಿಲ್ಲ ಅಂತ ತಿಳಿಸಿದೆ. ಅದರಲ್ಲಿ ನಿನ್ನ ತಪ್ಪಿಲ್ಲ ಅಂತ ನಮಗೆ ಗೊತ್ತು, ಏಳು ವರ್ಷ ತುಂಬುವ ಕೂಸಿಗೆ ಏನು ಗೊತ್ತು? ಒಂದು ದಿನ ಊಟದ ತಟ್ಟೆ ದೂಡಿ "ಅಪ್ಪಾಚಂ ಸಗಳಂ ಖೋಟಂ ಅಸತಂ" ಅಂದುಬಿಟ್ಟಳು. ಅಪ್ಪ ಹೇಳುವುದೆಲ್ಲ ಸುಳ್ಳಂತೆ! ವಸುಧಾ ಎದ್ದು ಅಡುಗೆಮನೆಗೆ ಹೋದಳು. ನೀನು ತಡ ಮಾಡಿಯಾದರೂ ಹೇಳಿದ್ದನ್ನು ಮಾಡುವವನು, ನಿನ್ನ ಮಾತು ನಿನ್ನ ಮಗಳ ಮುಂದೆಯೇ ಸುಳ್ಳಾಗುವುದನ್ನು ನಾನು ಹೇಗೆ ನೋಡಲಿ? ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. "ಯಾರು ಸುಳ್ಳ ಹೇಳ್ಯಾರ? ಜಾದೂ ಮಾಡೋರು ಮನ್ಯಾಗೇ ಅದಾರ. ನಿಮ್ಮಪ್ಪ ನನಗ ಹೇಳೇ ಹೋಗ್ಯಾನ." ಅಮೂಲ್ಯಾ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ನಿಮ್ಮ ಅಪ್ಪನವರು ಪೇಪರ್ ಕೆಳಗಿಳಿಸಿ ನೋಡಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇನ್ನು ಕಲಿಯದೆ ಗತಿಯಿರಲಿಲ್ಲ.

ಕಲಿಯುವುದು ಎಲ್ಲಿಂದ? ನಿಮ್ಮ ಅಪ್ಪನವರು ಸ್ಟೇಷನ್ ಹತ್ತಿರದ ಹಳೆ ಪುಸ್ತಕದ ಗಾಡಿಯಿಂದ ಒಂದು ಮರಾಠಿ ಪುಸ್ತಕ ಹುಡುಕಿ ತಂದರು. ಅದರ ಮುಂದಿನ ಅರ್ಧದಲ್ಲಿ ಆಟಗಳು, ಹಿಂದಿನ ಅರ್ಧದಲ್ಲಿ ಅವುಗಳ ಗುಟ್ಟುಗಳು. ಹಿಂದಿನ ಅರ್ಧವನ್ನು ಯಾವ ಪುಣ್ಯಾತ್ಮನೋ ಹರಿದುಕೊಂಡು ಹೋಗಿದ್ದ. ಆಮೇಲೆ ಯೂಟ್ಯೂಬ್ ಹಿಡಿದೆ. ಅಲ್ಲಿ ಒಬ್ಬ ಹುಡುಗ "ಬಹುತ್ ಆಸಾನ್ ಹೈ", ಬಹಳ ಸುಲಭ ಅನ್ನುತ್ತ, ನಾನು ಕನ್ನಡಕ ಏರಿಸುವುದರೊಳಗೆ ಆಟ ಮುಗಿಸಿ ಸಬ್‌ಸ್ಕ್ರೈಬ್ ಮಾಡಿ ಅನ್ನುತ್ತಿದ್ದ. ನಿಧಾನವಾಗಿ ಓಡಿಸುವುದನ್ನು ವಸುಧಾ ತೋರಿಸಿಕೊಟ್ಟ ಮೇಲೆ, ಚೆಂಡನ್ನು ಅಂಗೈಯಲ್ಲಿ ಬಚ್ಚಿಡುವ ಬಗೆ ಸ್ವಲ್ಪ ತಿಳಿಯಿತು. ಮನೆಯಲ್ಲಿ ಚೆಂಡಿರಲಿಲ್ಲ, ಲಾಸಲಗಾಂವ್‌ನಿಂದ ತರಿಸಿದ ಉಳ್ಳಾಗಡ್ಡಿ ಚೀಲದಲ್ಲಿ ಸಣ್ಣ ಗಡ್ಡಿಗಳಿಗೆ ಬರವಿರಲಿಲ್ಲ, ಅದರಲ್ಲೇ ಅಭ್ಯಾಸ ಮಾಡಿದೆ. ನಿಮ್ಮ ಅಪ್ಪನವರೇ ಪ್ರೇಕ್ಷಕರು, ಆಟ ಮುಗಿಯುವುದರೊಳಗೆ ಗೊರಕೆ ಹೊಡೆಯುತ್ತಿದ್ದರು. ಕೊನೆಗೆ ಅಮೂಲ್ಯಾಳಿಗೆ ತೋರಿಸಿದೆ. ಎಡಗೈ ತೆರೆದೆ, ಉಳ್ಳಾಗಡ್ಡಿ ಮಾಯ! ಅವಳು ಸುಮ್ಮನೆ ನನ್ನ ಎರಡೂ ಕೈ ಮೂಸಿ, ವಾಸನೆ ಜೋರಾಗಿದ್ದ ಬಲಗೈಯನ್ನು ಹಿಡಿದುಕೊಂಡಳು. ಕಣ್ಕಟ್ಟು ಮಾಡಬಹುದು, ಮೂಗು ಕಟ್ಟುವುದು ಹೇಗೆ?

ಆಷಾಢದಲ್ಲಿ ಮೊಣಕಾಲು ತೋರಿಸಲು ಸಂಭಾಜಿನಗರಕ್ಕೆ ಮಂಜುಶ್ರೀಯ ಮನೆಗೆ ಹೋಗಿದ್ದೇನೆ ಅಂತ ನಿನಗೆ ಹೇಳಿದ್ದೆನಲ್ಲ, ಡಾಕ್ಟರನ್ನು ಕಂಡದ್ದು ನಿಜ. ಆದರೆ ನಿನ್ನ ತಂಗಿ ನನ್ನನ್ನು ಜಾದೂ ಕ್ಲಾಸಿಗೂ ಹಾಕಿದ್ದಳು. ಅವರ ಸೊಸೈಟಿಯಲ್ಲೇ ದಿಗಂತ್ ಅಂತ ಒಬ್ಬ ಹುಡುಗನಿದ್ದಾನೆ, ಮಕ್ಕಳ ಪಾರ್ಟಿಗಳಲ್ಲಿ ಜಾದೂ ಮಾಡುತ್ತಾನೆ, ಶನಿವಾರ ಭಾನುವಾರ ಕ್ಲಬ್‌ಹೌಸಿನಲ್ಲಿ ಕಲಿಸುತ್ತಾನೆ. ಕಲಿಯಲು ಬಂದವರೆಲ್ಲ ಕಾಲೇಜಿನವರು, ನಡುವೆ ಇಳಕಲ್ ಸೀರೆ ಉಟ್ಟ ನಾನು. ಮೊಮ್ಮಗನನ್ನು ಬಿಡಲು ಬಂದವಳು ಅಂತ ತಿಳಿದು ಅವನು ಹೊರಗಿನ ಬೆಂಚು ತೋರಿಸಿದ! ಆದರೆ ಒಳ್ಳೆಯ ಗುರು. ಜಾದೂ ಅಂಗಡಿಯ ಸಾಮಾನೆಲ್ಲ ಕೊಳ್ಳಲು ಓಡಬೇಡಿ, ಎರಡು ಮೂರು ಆಟ ಹಿಡಿದು ಕನ್ನಡಿಯ ಮುಂದೆ ಕೈ ಪಳಗಿಸಿ ಅಂದ. ಸಣ್ಣ ಮಕ್ಕಳಿಗೆ ದೊಡ್ಡ ಕೈಚಳಕ ಬೇಕಾಗಿಲ್ಲ, ದೊಡ್ಡವರು ತಪ್ಪು ಮಾಡುವುದನ್ನು ನೋಡಿ ತಾವು ಕೂಗಿ ತಿದ್ದುವುದೇ ಅವರಿಗೆ ಖುಷಿ ಅಂತಲೂ ಹೇಳಿದ. ಆಗ ನನಗೆ ಆ ಮಾತು ಅಷ್ಟಾಗಿ ತಲೆಗೆ ಹೋಗಲಿಲ್ಲ.

ಅವನು ಕಲಿಸುವುದೆಲ್ಲ ಕೋಟಿನ ತೋಳು, ಕೋಟಿನ ಒಳಜೇಬು. ನನಗೆ ಕೋಟು ಎಲ್ಲಿಂದ ಬರಬೇಕು? ನಮ್ಮವ್ವನ ಎಲೆಯಡಿಕೆ ಚಂಚಿ ತೆಗೆದೆ. ಭಾಲ್ಕಿಯಲ್ಲಿ ಹೊಲಿಸಿದ ಬಟ್ಟೆಯ ಚೀಲ, ನೀನು ನೋಡಿದ್ದೀಯ, ಒಂದರ ಹಿಂದೊಂದು ಜೇಬು, ಎಲೆಗೆ ಬೇರೆ, ಅಡಿಕೆಗೆ ಬೇರೆ, ಸುಣ್ಣದ ಡಬ್ಬಿಗೆ ಬೇರೆ. ಅದರೊಳಗೆ ಕೆಂಪು ಕರವಸ್ತ್ರ ಹಾಕಿ ಹಳದಿಯದನ್ನು ಹೊರಗೆ ತೆಗೆದೆ. ದಿಗಂತ್ ಚಂಚಿಯನ್ನು ತಿರುಗಿಸಿ ಮುರುಗಿಸಿ ನೋಡಿ, ತಾನು ಮುಂಬೈಯಿಂದ ತರಿಸಿದ ಜಾದೂ ಚೀಲದಲ್ಲಿ ಇದರ ಅರ್ಧದಷ್ಟೂ ಜೇಬಿಲ್ಲ ಅಂತ ನಕ್ಕ. ಬೂದಿ ಅಂಗೈ ದಾಟುವ ಇನ್ನೊಂದು ಆಟಕ್ಕೆ ಮನೆಯಿಂದ ವಿಭೂತಿ ತನ್ನಿ ಅಂದ. ಅದೊಂದು ಆಗುವುದಿಲ್ಲ, ಹಣೆಯ ಮೇಲಿರುವುದು ಹಣೆಯ ಮೇಲೇ ಇರಲಿ ಅಂದೆ. ಪಾಪ, ಆ ಆಟವನ್ನೇ ಬಿಟ್ಟುಕೊಟ್ಟ.

ಎಲ್ಲಕ್ಕಿಂತ ದೊಡ್ಡ ಆಟ ಡಬ್ಬಿಯದು. ಮೊದಲು ಖಾಲಿ ಡಬ್ಬಿ ತೋರಿಸಬೇಕು, ಮುಚ್ಚಬೇಕು, ಮತ್ತೆ ತೆಗೆದರೆ ತುಂಬಿರಬೇಕು. ನಮ್ಮ ಕೆಳಗಿನ ಮನೆಯ ಚನಬಸಪ್ಪನವರು ಓಝರ್‌ನ ವಿಮಾನ ಕಾರ್ಖಾನೆಯಿಂದ ರಿಟೈರಾದವರಲ್ಲವೇ, ಹೊತ್ತು ಹೋಗದೆ ಕೂತಿದ್ದರು, ಖುಷಿಯಿಂದ ಮಾಡಿಕೊಟ್ಟರು. "ಈರಮ್ಮನೋರ, ಇದು ಆಕಾಶದಾಗ ಹಾರಿದ್ರೂ ಒಂದ್ ಮೊಳಿ ಸಡ್ಲ ಆಗಂಗಿಲ್ಲ ನೋಡ್ರಿ" ಅಂದರು. ಒಳಗಿನ ಗುಟ್ಟು ಹೇಳುವುದಿಲ್ಲ, ನೀನು ಹೆತ್ತ ಮಗನಾದರೂ. ನನಗೆ ತೊಡಕಾದದ್ದು ಡಬ್ಬಿಯಲ್ಲ, ಅದನ್ನು ತೋರಿಸುವಾಗ ಆಡಬೇಕಾದ ಮಾತು. ದಿಗಂತ್ ಕಲಿಸಿದ್ದು ಇಷ್ಟೇ: "ಮುಲಾಂನೋ, ಹಾ ಡಬಾ ರಿಕಾಮಾ ಆಹೇ." ಮಕ್ಕಳೇ, ಈ ಡಬ್ಬಿ ಖಾಲಿ ಇದೆ. ಆದರೆ ನಮ್ಮ ಮನೆಯಲ್ಲಿ ಆ ಮಾತನ್ನು ಯಾರು ಆಡಿದ್ದಾರೆ ಹೇಳು? ಅಕ್ಕಿ ತೀರಿದರೆ "ಅಕ್ಕಿ ತುಂಬ್ಯಾವ" ಅನ್ನಬೇಕು, ಡಬ್ಬಿ ಬರಿದಾದರೆ "ಡಬ್ಬಿ ತುಂಬ್ಯಾದ" ಅನ್ನಬೇಕು, ಇಲ್ಲ ಅನ್ನುವುದನ್ನು ಬಾಯಿಬಿಟ್ಟು ಹೇಳಿದರೆ ಮನೆಗೆ ಒಳ್ಳೆಯದಲ್ಲ ಅಂತ ನಮ್ಮ ಅತ್ತೆಯವರು ಕಲಿಸಿದ್ದು. ನೀನು ಚಿಕ್ಕವನಿದ್ದಾಗ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತು "ತುಂಬಿದ್ರ ಅಂಗಡಿಗೆ ಯಾಕ ಹೋಗ್ಬೇಕವ್ವಾ?" ಅಂತ ವಾದ ಮಾಡುತ್ತಿದ್ದೆ. ಅಂಥ ನಾಲಿಗೆಯನ್ನು ಕನ್ನಡಿಯ ಮುಂದೆ ನಿಲ್ಲಿಸಿ ರಿಕಾಮಾ, ರಿಕಾಮಾ ಅಂತ ತಿದ್ದಿದೆ. ಕನ್ನಡಿಯ ಮುಂದೆ ಚೆನ್ನಾಗಿಯೇ ಬರುತ್ತಿತ್ತು.

ಮೊನ್ನೆ ಭಾನುವಾರ ಹುಟ್ಟುಹಬ್ಬಕ್ಕೆ ಮನೆ ತುಂಬ ಮಕ್ಕಳು. ಸೋಫಾ ಗೋಡೆಗೆ ಸರಿಸಿ ಜಮಖಾನೆ ಹಾಸಿದ್ದೆವು. ಚಂಚಿಯ ಆಟಕ್ಕೆ ಚಪ್ಪಾಳೆ ಬಿತ್ತು. ಚೆಂಡಿನ ಆಟಕ್ಕೆ ಈ ಸಲ ಬಟ್ಟೆಯ ಚೆಂಡು, ಕೈಗೆಲ್ಲ ಪೌಡರ್. ನಿನ್ನ ಮಗಳು ಎದ್ದು ಬಂದು ಎಲ್ಲರೆದುರಿಗೆ ಕೈ ಮೂಸಿ ಸಪ್ಪೆ ಮೋರೆ ಹಾಕಿಕೊಂಡು ವಾಪಸು ಹೋದಳು, ನನಗೆ ಆದ ಸಂತೋಷ ಅಷ್ಟಿಷ್ಟಲ್ಲ! ಆಮೇಲೆ ಡಬ್ಬಿ ಎತ್ತಿಕೊಂಡೆ. ದೇವರ ಮುಂದೆ ದೀಪ ಉರಿಯುತ್ತಿತ್ತು. ಆರತಿಯ ಕುಂಕುಮ ಹಣೆಯಲ್ಲಿದ್ದ ಕೂಸು ಹೊಸ ಫ್ರಾಕ್ ಹಾಕಿಕೊಂಡು ನನ್ನನ್ನೇ ನೋಡುತ್ತ ಕೂತಿತ್ತು. ಅಂಥ ಹೊತ್ತಿನಲ್ಲಿ ಖಾಲಿ ಅನ್ನು ಅಂದರೆ ಹೇಗೆ ಅನ್ನಲಿ? ಬಾಯಿ ತೆರೆದೆ, "ಮುಲಾಂನೋ, ಹಾ ಡಬಾ ಭರಲಾಯ್" ಅಂದುಬಿಟ್ಟೆ. ತುಂಬಿದೆ ಅಂದುಬಿಟ್ಟೆ, ಗುರೂ! ವಸುಧಾ ಹಣೆಗೆ ಕೈ ಹಚ್ಚಿಕೊಂಡಳು. ಆಟ ಕೆಟ್ಟಿತು, ನಿನ್ನ ಮಾತು ನನ್ನ ಕೈಯಲ್ಲೇ ಮುಳುಗಿತು ಅಂದುಕೊಂಡೆ.

ಆಗ ಅಮೂಲ್ಯಾಳ ಗೆಳತಿ ಮೈತ್ರೇಯಿ ಎದ್ದು ನಿಂತು "ನಾಹೀ ಆಜೀ, ರಿಕಾಮಾ ಆಹೇ!" ಅಂತ ಕೂಗಿದಳು. ಖಾಲಿ ಇದೆಯಂತೆ. ನಾನು ಡಬ್ಬಿಯೊಳಗೆ ಇಣುಕಿ, ಇಲ್ಲವಲ್ಲ, ತುಂಬಿದೆಯಲ್ಲ ಅಂದೆ. ಇನ್ನೂ ನಾಲ್ಕು ಮಕ್ಕಳು ಎದ್ದರು. ಕನ್ನಡಕ ಒರೆಸಿಕೊಂಡು ಮತ್ತೆ ಇಣುಕಿ ತುಂಬಿದೆ ಅಂದೆ. ಅಷ್ಟೇ, ಮನೆಯ ಸೂರು ಹಾರಿಹೋಗುವಂತೆ ರಿಕಾಮಾ ರಿಕಾಮಾ ಅಂತ ಒಂದೇ ಗದ್ದಲ. ಅಜ್ಜಿಗೆ ಕಣ್ಣೇ ಕಾಣುವುದಿಲ್ಲ ಅಂತ ಒಬ್ಬರ ಮೇಲೊಬ್ಬರು ಬಿದ್ದು ನಗುವುದೇನು, ಡಬ್ಬಿಯೊಳಗೆ ಕೈ ಹಾಕಿ ನೋಡುವುದೇನು! ನನಗೂ ಹುರುಪು ಬಂತು. ಸರಿ, ಯಾರು ಸುಳ್ಳರು ನೋಡೇಬಿಡೋಣ ಅಂತ ಮುಚ್ಚಳ ಹಾಕಿ, ತಟ್ಟಿ, ತೆಗೆದು ಬೋರಲು ಹಾಕಿದೆ. ಬಣ್ಣದ ರಿಬ್ಬನ್ನು, ಪೆಪ್ಪರ್‌ಮಿಂಟು, ಶೇಂಗಾ ಚಿಕ್ಕಿ ಜಮಖಾನೆಯ ತುಂಬ ಸುರಿಯಿತು. ಆಗ ಎದ್ದ ಕೂಗಿಗೆ ಚನಬಸಪ್ಪನವರು ಕೆಳಗಿನಿಂದ ಓಡಿಬಂದರು. ದಿಗಂತ್‌ಗೆ ವಸುಧಾ ವಿಡಿಯೋ ಕಳಿಸಿದ್ದಳು, ಇನ್ನು ಮೇಲೆ ತಾನೂ ಹೀಗೆಯೇ ಶುರು ಮಾಡುತ್ತೇನೆ ಅಂತ ಬರೆದಿದ್ದಾನೆ.

ಕೇಕ್ ತಿನ್ನುವಾಗ ಆದದ್ದನ್ನೂ ಹೇಳಿಬಿಡುತ್ತೇನೆ. ಮೈತ್ರೇಯಿ ಸುತ್ತ ನೋಡಿ, ನಿನ್ನ ಅಪ್ಪ ಇಲ್ಲವಾ ಅಂತ ಅಮೂಲ್ಯಾಳನ್ನು ಕೇಳಿದಳು. ನನ್ನ ಕೈಯ ತಟ್ಟೆ ಅಲ್ಲೇ ನಿಂತಿತು. ನಿನ್ನ ಮಗಳು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ತಲೆ ಎತ್ತದೆ, ಸ್ಪಷ್ಟವಾಗಿ, ಕನ್ನಡದಲ್ಲಿ ಅಂದಳು: "ನಮ್ಮಪ್ಪ ತುಂಬ್ಯಾನ." ಮೈತ್ರೇಯಿಗೆ ಏನೂ ತಿಳಿಯಲಿಲ್ಲ. ನಾನೂ ವಸುಧಾಳೂ ಒಬ್ಬರ ಮುಖ ಒಬ್ಬರು ನೋಡಿ ನಗಲು ಹೋಗಿ ಕಣ್ಣು ಒರೆಸಿಕೊಂಡೆವು. ಆಮೇಲೆ ಅವಳು ನನ್ನ ಹತ್ತಿರ ಬಂದು ಕಿವಿಯಲ್ಲಿ "ಅಪ್ಪ ಖರೇನೇ ಹೇಳಿದ್ರು" ಅಂದಳು. ಅದೂ ಕನ್ನಡದಲ್ಲೇ. ಗುರೂ, ನನಗೆ ಇನ್ನೇನೂ ಬೇಡ ಅನ್ನಿಸಿತು.

ಊಟ ಬಿಡಬೇಡ, ರಾತ್ರಿ ಮೊಸರು ತಿನ್ನಬೇಡ. ವಸುಧಾ ನೆನಪು ತಿಳಿಸಿದ್ದಾಳೆ, ಚನಬಸಪ್ಪನವರು ನಮಸ್ಕಾರ ಹೇಳಿದ್ದಾರೆ, ನಿಮ್ಮ ಅಪ್ಪನವರು ಮಲಗಿದ್ದಾರೆ. ಬಸವಣ್ಣ ನಿನ್ನನ್ನು ಸುಖವಾಗಿಟ್ಟಿರಲಿ.

ನಿನ್ನ ಅವ್ವ,
ಈರಮ್ಮ

ತಾ.ಕ.: ಅಮೂಲ್ಯಾ ಮತ್ತೆ ಬಗ್ಗಿ ನೋಡುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಪಾರ್ಟಿಯಾದಾಗಿನಿಂದ ಅವಳು ದಿನಾ ಸಂಜೆ ಆ ಡಬ್ಬಿಗೆ "ಅಪ್ಪ ತುಂಬ್ಯಾನ" ಅಂತ ಹೇಳಿ, ತಟ್ಟಿ, ಮುಚ್ಚಳ ತೆಗೆದು ನೋಡುತ್ತಾಳೆ. ಬೇಸರವೇನಿಲ್ಲ, ನಾಳೆ ಆಗುತ್ತದೆ ಅನ್ನುತ್ತಾಳೆ. ಆದರೆ ಆ ಡಬ್ಬಿಯಲ್ಲಿ ನೀನು ಹಿಡಿಸುವುದಿಲ್ಲ. ಅದಕ್ಕೇ ಚನಬಸಪ್ಪನವರು ಪ್ಲೈವುಡ್ಡಿನಲ್ಲಿ ದೊಡ್ಡ ಪೆಟ್ಟಿಗೆ ಮಾಡುತ್ತಿದ್ದಾರೆ, ನಿನ್ನ ಹಳೆಯ ನೀಲಿ ಅಂಗಿ ಕೊಟ್ಟು ಅಳತೆ ಹಿಡಿಸಿದ್ದೇನೆ, ಅಷ್ಟರೊಳಗೆ ದಪ್ಪ ಆಗಬೇಡ. ದೀಪಾವಳಿಗೆ ನಾವೆಲ್ಲ ಮಂಜುಶ್ರೀಯ ಮನೆಯಲ್ಲಿರುತ್ತೇವೆ, ಅವರ ಸೊಸೈಟಿಯ ಮಕ್ಕಳಿಗೆ ನನ್ನ ಆಟವಿದೆ. ರಜೆಗೆ ಇವತ್ತೇ ಅರ್ಜಿ ಹಾಕು. ಮುಂಬೈಯಿಂದ ರೈಲು ಹಿಡಿದರೆ ನಡುವೆ ನಾಸಿಕ್ ರೋಡ್ ಬರುತ್ತದೆ. ಮನೆ ಬಂತು ಅಂತ ಇಳಿದುಬಿಡಬೇಡ, ಸೀದಾ ಸಂಭಾಜಿನಗರಕ್ಕೆ ಹೋಗಿ ದಿಗಂತ್‌ನ ಮನೆ ಸೇರಿಕೋ. ಫೋನಿನಲ್ಲಿ ಒಂದು ಮಾತೂ ಬೇಡ. ಪೆಟ್ಟಿಗೆ ತಟ್ಟುವವಳೂ ಬಾಗಿಲು ತೆಗೆಯುವವಳೂ ಅವಳೇ. ನೀನು ಚಿಕ್ಕವನಿದ್ದಾಗ ಕಣ್ಣುಮುಚ್ಚಾಲೆಯಲ್ಲಿ ಯಾರೂ ಹುಡುಕುವ ಮೊದಲೇ ಕಿಸಕ್ಕನೆ ನಕ್ಕು ಸಿಕ್ಕಿಬೀಳುತ್ತಿದ್ದೆ. ಈ ಸಲ ಮಾತ್ರ, ನನ್ನಪ್ಪಾ, ಅವಳು ಬಾ ಅನ್ನುವವರೆಗೆ ಬಾಯಿ ಮುಚ್ಚಿಕೊಂಡು ಕೂತಿರು.